ಬರೆಯದೆ ಬಿಟ್ಟ ಯೂನಿಟ್ಟುಗಳು

ಮಸ್ಕಿ
12 ಸೆಪ್ಟೆಂಬರ್ 2023

ದಾದೇಸಾಬ,

ಏಳು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾದೀತು. ಸತ್ತಿಲ್ಲ, ಸಾಲ ಕೇಳಲಿಕ್ಕೂ ಬರೆದಿಲ್ಲ. ಮೂರು ಸಲ ಫೋನು ಹಚ್ಚಿದೆ, ಮೂರು ಸಲವೂ ನೀನು ಕಟ್ ಮಾಡಿದಿ. ಕಾಗದವನ್ನು ಹಾಗೆ ಕಟ್ ಮಾಡಲಿಕ್ಕೆ ಬರುವುದಿಲ್ಲ, ಅದಕ್ಕೇ ಬರೆದೆ.

ನಾನು ಲೈನ್‌ಮನ್ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಮನೆಯಲ್ಲಿ ಕೂತರೆ ಹೆಂಡತಿ ಬೈಯುತ್ತಾಳೆ ಎಂದು ಮಸ್ಕಿಯ ಕರೆಂಟ್ ಆಫೀಸಿನ ಎದುರು ಬೇವಿನ ಗಿಡದ ಕೆಳಗೆ ಒಂದು ಟೇಬಲ್ಲು ಹಾಕಿಕೊಂಡಿದ್ದೇನೆ. ಈಗ ಉಚಿತ ಕರೆಂಟಿನ ಗೃಹಜ್ಯೋತಿ ಬಂದಿದೆಯಲ್ಲ, ಓದು ಬಾರದವರಿಗೆ ಅರ್ಜಿ ತುಂಬಿ ಕೊಡುತ್ತೇನೆ. ದುಡ್ಡು ಮುಟ್ಟುವುದಿಲ್ಲ, ಚಹಾ ಕೊಟ್ಟರೆ ಬೇಡ ಅನ್ನುವುದಿಲ್ಲ. ಮೂವತ್ತು ವರ್ಷ ಮಂದಿಯ ಲೈನು ಕತ್ತರಿಸಿದ ಕೈ ಇದು, ಇಷ್ಟಾದರೂ ಮಾಡಲಿ ಅನ್ನಿಸಿತು.

ಹೋದ ಸೋಮವಾರ ವಳಕಮದಿನ್ನಿಯ ಆದಮ್ಮ ಬಂದಿದ್ದಳು. ಗೌಂಡಿ ಭೀಮೇಶನ ಹೆಂಡತಿ. ಸಿಂಧನೂರಿನಲ್ಲಿ ಯಾರದೋ ಮಾಳಿಗೆ ಕಟ್ಟುವಾಗ ಸಾರವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡನಲ್ಲ, ಅಂದಿನಿಂದ ಮಂಚದ ಮೇಲೆಯೇ ಇದ್ದಾನಲ್ಲ, ಅವನ ಹೆಂಡತಿ. ನಿನಗೆ ನೆನಪು ಮಾಡಿಕೊಡುವ ಅಗತ್ಯವಿಲ್ಲ ಅಂದುಕೊಳ್ಳುತ್ತೇನೆ. ಅವಳ ಓಣಿಗೆಲ್ಲ ಸೊನ್ನೆ ಬಿಲ್ಲು ಬಂದಿದೆ. ಇವಳಿಗೆ ಒಂದೇ ತಿಂಗಳಿಗೆ 1,848 ಯೂನಿಟ್ಟು ಹೆಚ್ಚುವರಿ, ಹದಿನಾಲ್ಕು ಸಾವಿರದ ಮೇಲೆ ಬಿಲ್ಲು. "ಅಣ್ಣಾ, ಇದು ನಮ್ಮದಲ್ಲ. ಬ್ಯಾರೇರ ಮನೀದು ನಮಗ ಕೊಟ್ಟು ಹೋಗ್ಯಾರ, ಅವರು ಹುಡುಕಾಕತ್ತಿರಬೇಕು" ಅಂದಳು. ಪಾಪ, ಆ ಇನ್ನೊಂದು ಮನೆಯವರ ಚಿಂತೆಯೂ ಅವಳಿಗೇ.

ನಾನೇ ಹೋಗಿ ನೋಡಿ ಬಂದೆ. ಎರಡು ಬಲ್ಬು, ಒಂದು ಟಿವಿ, ಭೀಮೇಶನ ಮಂಚದ ಮೇಲೆ ಒಂದು ಫ್ಯಾನು. ಮೀಟರು ಚೊಕ್ಕ ಇದೆ. ಹೊಸದಾಗಿ ಬಂದ ರೀಡರ್ ಕಣ್ಣಿಗೆ ಕಂಡ ಅಂಕಿ ಬರೆದಿದ್ದಾನೆ. ಆಮೇಲಿನ ತಿಂಗಳುಗಳ ಬಳಕೆ ಕಳೆದರೂ ಮೀಟರಿನಲ್ಲಿರುವುದಕ್ಕೂ ಮೇ ತಿಂಗಳು ನೀನು ಕೊನೆಗೆ ಬರೆದದ್ದಕ್ಕೂ ಅಷ್ಟು ಅಂತರ. ಏಳು ವರ್ಷ ಆ ಮನೆಯ ಮೀಟರು ಓದಿದವನು ನೀನೊಬ್ಬನೇ.

ಏನಾಯಿತು ಬರಿ. ಜಗಳ ಆಮೇಲೆ ಆಡೋಣ.

ಗದ್ದೆಪ್ಪ


ಲಿಂಗಸುಗೂರು
9 ಅಕ್ಟೋಬರ್ 2023

ಗದ್ದೆಪ್ಪಗೆ ದಾದೇಸಾಬನ ಸಲಾಂ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರಾಗಬೇಡ. ಮೇ ತಿಂಗಳಲ್ಲಿ ನನ್ನ ಎದೆ ಕೊಯ್ದದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ರಾಯಚೂರಿಗೆ ಒಯ್ದು ಬೈಪಾಸ್ ಆಪರೇಷನ್ ಮಾಡಿದರು. ಕೆಲಸ ಅಲ್ಲಿಗೇ ನಿಂತಿತು. ಈಗ ಮಗಳು ಗೌಸಿಯಾಳ ಜೊತೆ ಇಲ್ಲಿ ಲಿಂಗಸುಗೂರಿನಲ್ಲಿದ್ದೇನೆ. ಅವಳಿಗೆ ಇಲ್ಲಿನ ಕರೆಂಟ್ ಆಫೀಸಿನಲ್ಲೇ ಬಿಲ್ಲಿಂಗ್ ಕಂಪ್ಯೂಟರಿನ ಮುಂದೆ ಗುತ್ತಿಗೆ ಕೆಲಸ ಸಿಕ್ಕಿದೆ. ಉಪ್ಪಿಲ್ಲದ ಪಲ್ಯ ಹಾಕುತ್ತಾಳೆ, ಮೆಟ್ಟಿಲು ಹತ್ತಬೇಡ ಅನ್ನುತ್ತಾಳೆ, ಫೋನು ಕಸಿದುಕೊಳ್ಳುತ್ತಾಳೆ. ನಿನ್ನ ಕರೆ ಕಟ್ ಮಾಡಿದ್ದು ಅವಳೇ ಇರಬೇಕು.

ನೀನು ಬೇವಿನ ಗಿಡದ ಕೆಳಗೆ ಕೂತು ಅರ್ಜಿ ತುಂಬುವುದನ್ನು ಕೇಳಿ ನಗು ಬಂತು. ನಿನ್ನ ಅಕ್ಷರ ಓದುವ ಆ ಕ್ಲಾರ್ಕನ ಪಾಡೇನು ಎಂದು ಮರುಕವೂ ಆಯಿತು.

ವಳಕಮದಿನ್ನಿಯ ವಿಷಯ ಬರೆದಿದ್ದಿ. ನನ್ನ ಹತ್ತಿರ ಎಂಟುನೂರು ಮನೆಗಳಿದ್ದವು. ಒಂದೊಂದರ ಅಂಕಿ ಯಾರಿಗೆ ನೆನಪಿರುತ್ತದೆ. ಹಳೆಯ ಮೀಟರು ಕೆಲವೊಮ್ಮೆ ತಾನೇ ಓಡುತ್ತದೆ. ಮೀಟರು ಪರೀಕ್ಷೆಗೆ ಹಾಕಲು ಹೇಳು, ಅದಕ್ಕೆ ಅರ್ಜಿ ಕೊಟ್ಟರೆ ಆಯಿತು. ಭೀಮೇಶ ಹೇಗಿದ್ದಾನೆ? ಕಾಲುವೆಗೆ ನೀರು ಬಿಟ್ಟರಾ?

ದಾದೇಸಾಬ


ಮಸ್ಕಿ
21 ಅಕ್ಟೋಬರ್ 2023

ದಾದೇಸಾಬ,

ನಿನ್ನ ಎದೆಯ ಸುದ್ದಿ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಜಗಳ ಮರೆತು ನೋಡಲು ಬರುತ್ತಿದ್ದೆ. ಬರುತ್ತಿದ್ದೆ ಎಂದು ಈಗ ಬರೆಯುವುದು ಸುಲಭ, ಇರಲಿ.

ಆದರೆ ನೀನು ಮನೆ ಮರೆತೆ ಅನ್ನುವುದನ್ನು ನಾನು ನಂಬುವುದಿಲ್ಲ. ಅದೇ ಮನೆಯ ಸಲುವಾಗಿ ನಾವು ಮಾತು ಬಿಟ್ಟದ್ದು. ಭೀಮೇಶ ಆಸ್ಪತ್ರೆಯಿಂದ ಮನೆಗೆ ಬಂದ ವಾರ ಮೂರು ತಿಂಗಳ ಬಾಕಿಗೆ ನಾನು ಅವರ ಲೈನು ಕತ್ತರಿಸಿದೆ. ಪಟ್ಟಿಯಲ್ಲಿ ನಂಬರಿತ್ತು, ಕಂಬ ಹತ್ತಿದೆ, ಕತ್ತರಿಸಿದೆ. ಒಳಗೆ ಯಾರು ಮಲಗಿದ್ದಾರೆ ಎಂದು ನೋಡಲಿಲ್ಲ. ನೀನು ಚಹಾದಂಗಡಿ ಮುಂದೆ ಹತ್ತು ಮಂದಿ ಎದುರು "ಗದ್ದೆಪ್ಪ, ನೀ ಮನಷ್ಯಾ ಅಲ್ಲಲೇ" ಅಂದಿ. ಬಾಕಿಯನ್ನು ನೀನೇ ತುಂಬಿದಿ. ಮರೆಯುವಂಥದ್ದೇ ಅದು?

ಮೀಟರು ಪರೀಕ್ಷೆ ಆಯಿತು. ಸರಿಯಾಗಿದೆ. ತಪಾಸಣೆಯವರು ಬಂದು ನೋಡಿ, ಇಷ್ಟು ವರ್ಷ ಮನೆಯವರು ಮೀಟರಿಗೆ ಏನೋ ಕಿತಾಪತಿ ಮಾಡಿರಬೇಕು ಎಂದು ಬರೆದುಕೊಂಡು ಹೋಗಿದ್ದಾರೆ. ಅಂದರೆ ಕರೆಂಟ್ ಕಳವು. ಅಲ್ಲಿನ ಸಾಹೇಬರು ಒಳ್ಳೆಯವರೇ. ನನ್ನನ್ನು ಕೂರಿಸಿಕೊಂಡು ಹೇಳಿದರು: ಹಳೆಯ ರೀಡರ್ ತಾನೇ ಅಂಕಿ ತಪ್ಪು ಬರೆದೆ ಎಂದು ಸಹಿ ಮಾಡಿ ಕೊಟ್ಟರೆ ಕಳವಿನ ಮಾತೇ ಇರುವುದಿಲ್ಲ, ಬಾಕಿಯನ್ನು ಕಂತಿನಲ್ಲಿ ಕಟ್ಟಿಕೊಂಡು ಹೋಗಬಹುದು. ಅರ್ಧ ಹಾಳೆ ಸಾಕು.

ಇನ್ನೊಂದು ಮಾತು, ಇದನ್ನು ನೀನು ಯೋಚಿಸಿರಲಿಕ್ಕಿಲ್ಲ. ಉಚಿತ ಎಷ್ಟು ಅನ್ನುವುದನ್ನು ಹಿಂದಿನ ವರ್ಷದ ಸರಾಸರಿ ನೋಡಿ, ಅದರ ಮೇಲೆ ತುಸು ಸೇರಿಸಿ ಗೊತ್ತು ಮಾಡುತ್ತಾರೆ. ನಿನ್ನ ಪುಸ್ತಕದಲ್ಲಿ ಅವಳ ಸರಾಸರಿ ಇಪ್ಪತ್ತೇಳು. ಮೀಟರು ಓಡುವುದು ನಲವತ್ತೊಂಬತ್ತು. ಖರೆ ಅಂಕಿ ಬರೆದಿದ್ದರೆ ಇವತ್ತು ಅವಳ ಇಡೀ ಬಿಲ್ಲು ಸೊನ್ನೆ. ನೀನು ಬರೆದ ಅಂಕಿಯಿಂದ ಬಾಕಿ ತೀರಿಸಿದ ಮೇಲೂ ತಿಂಗಳು ತಿಂಗಳು ಕಟ್ಟಬೇಕು. ಬಾಕಿ ತೀರುವತನಕ ಆ ಅಷ್ಟು ಉಚಿತವೂ ಇಲ್ಲ.

ನಿನ್ನ ಮೇಲೆ ಸಿಟ್ಟಿನಿಂದ ಬರೆದಿಲ್ಲ. ಕತ್ತರಿಸಿದವನು ನಾನು.

ಗದ್ದೆಪ್ಪ


ಲಿಂಗಸುಗೂರು
4 ಡಿಸೆಂಬರ್ 2023

ಗದ್ದೆಪ್ಪ,

ಸುಳ್ಳು ಬರೆದೆ. ಆ ಮನೆ ನನಗೆ ಚೆನ್ನಾಗಿ ನೆನಪಿದೆ. ನಿನ್ನ ಕರೆ ಕಟ್ ಮಾಡಿದ್ದೂ ನಾನೇ, ಗೌಸಿಯಾ ಅಲ್ಲ.

ಬಾಕಿ ತುಂಬಿದ ಮುಂದಿನ ತಿಂಗಳು ಮೀಟರು ಓದಲು ಹೋದೆ. ಆದಮ್ಮ ನಾಟಿಗೆ ಹೋಗಿದ್ದಳು. ಭೀಮೇಶ ಒಬ್ಬನೇ ಮಲಗಿದ್ದ. ತಗಡಿನ ಮನೆ, ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತೇ ಇದೆ. ಫ್ಯಾನು ತಿರುಗುತ್ತಿತ್ತು. "ಸಾಬಣ್ಣ, ಬಿಲ್ ಎಷ್ಟ್ ಬರ್ತದ? ಬಾಳ ಬಂದ್ರ ಇದನ್ನ ಆರಿಸಿ ಹೋಗು" ಅಂದ. ಕೈಯಲ್ಲಿ ಬಿಲ್ಲಿನ ಯಂತ್ರ ಇತ್ತು. ಇಪ್ಪತ್ತೆರಡು ಯೂನಿಟ್ಟು ಕಡಿಮೆ ಒತ್ತಿದೆ. ಅಷ್ಟೇ. ಚೀಟಿ ಹೊರಗೆ ಬಂತು, ಅವನ ದಿಂಬಿನ ಪಕ್ಕ ಇಟ್ಟು ಬಂದೆ.

ಅದು ಒಂದು ತಿಂಗಳ ಮಟ್ಟಿಗೆ ಎಂದುಕೊಂಡಿದ್ದೆ. ಮುಂದಿನ ತಿಂಗಳು ಖರೆ ಬರೆದರೆ ಬಿಲ್ಲು ಒಮ್ಮೆಲೆ ಏರುತ್ತದೆ. ಹಾಗಾಗಿ ಮತ್ತೆ ಇಪ್ಪತ್ತೆರಡು. ಮತ್ತೆ ಇಪ್ಪತ್ತೆರಡು. ನಮ್ಮ ಲೈನಿನ ಮಂದಿಗೆ ಒಂದು ರೂಢಿ ಇತ್ತಲ್ಲ, ಹಳೆಯ ಮೀಟರು ಕಿತ್ತು ಹೊಸದು ಹಾಕುವಾಗ ಕೊನೆಯ ಅಂಕಿಯನ್ನು ನಾವು ಹೇಳಿದ ಹಾಗೆ ಬರೆದುಕೊಳ್ಳುತ್ತಿದ್ದರು. ಎಲ್ಲ ಅಲ್ಲಿಗೇ ತೊಳೆದು ಹೋಗುತ್ತದೆ ಎಂದು ಧೈರ್ಯದಿಂದಿದ್ದೆ. ವಳಕಮದಿನ್ನಿಗೆ ಹೊಸ ಮೀಟರು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಏಳು ವರ್ಷ ಕಾದೆ. ಅದಕ್ಕಿಂತ ಮೊದಲು ಎದೆನೋವು ಬಂತು.

ಅವರಿಗೆ ಹೇಳಲಿಲ್ಲ. ಹೇಳಿದರೆ ಉಪಕಾರ ಹೊರಿಸಿದ ಹಾಗೆ ಆಗುತ್ತದೆ ಅನ್ನಿಸಿತು. ಈಗ ಖರೆ ಹೇಳಬೇಕೆಂದರೆ ಇನ್ನೊಂದು ಮಾತಿದೆ. ನಿನ್ನನ್ನು ಮನಷ್ಯಾ ಅಲ್ಲ ಅಂದಮೇಲೆ ನಾನು ಮನಷ್ಯಾ ಎಂದು ತೋರಿಸಬೇಕಾಗಿತ್ತು. ನಿನಗಲ್ಲ, ನನಗೇ. ಪ್ರತಿ ತಿಂಗಳೂ ಆ ಮನೆಯಿಂದ ಹೊರಗೆ ಬರುವಾಗ ಎದೆ ಉಬ್ಬುತ್ತಿತ್ತು. ಅದೇ ಎದೆಯನ್ನು ಈಗ ಕೊಯ್ದು ಹೊಲಿದಿದ್ದಾರೆ.

ಸಹಿ ಮಾಡಿ ಕೊಡುತ್ತೇನೆ. ಆದರೆ ಮಾರ್ಚ್ ತನಕ ಟೈಮು ಕೊಡು. ಗೌಸಿಯಾಳ ಗುತ್ತಿಗೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಮುಂದುವರಿಸುವುದು ಮೇಲಿನವರ ಕೈಯಲ್ಲಿದೆ. ಸುಳ್ಳು ಅಂಕಿ ಬರೆದ ರೀಡರನ ಮಗಳನ್ನು ಬಿಲ್ಲಿನ ಕಂಪ್ಯೂಟರಿನ ಮುಂದೆ ಯಾರು ಕೂರಿಸುತ್ತಾರೆ ಹೇಳು. ಅವಳ ಗಂಡ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು. ಈ ಮನೆ ನಡೆಯುವುದು ಅವಳ ಆ ಸಂಬಳದಿಂದ, ನನ್ನ ಗುಳಿಗೆಯೂ ಅದರಿಂದಲೇ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಮಾರ್ಚ್ ತನಕ ಹೇಗಾದರೂ ಮಾಡಿ ತಡೆ ಹಿಡಿ. ಇದನ್ನು ಓದಿ ಹರಿದು ಹಾಕು.

ದಾದೇಸಾಬ


ಮಸ್ಕಿ
8 ಜನವರಿ 2024

ದಾದೇಸಾಬ,

ಹರಿದು ಹಾಕಿದೆ. ಹರಿಯಬಾರದಾಗಿತ್ತು. ಅದೊಂದು ಹಾಳೆಯನ್ನು ಸಾಹೇಬರ ಮುಂದೆ ಇಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು ಎಂದು ರಾತ್ರಿಯೆಲ್ಲ ಹೊರಳಾಡಿದೆ. ಆದರೆ ನೀನು ನಂಬಿ ಬರೆದದ್ದು.

ಆದಮ್ಮನಿಗೆ ನೋಟಿಸು ಬಂದಿದೆ. ನನ್ನ ಟೇಬಲ್ಲಿಗೆ ತಂದಳು. ಓದಿ ಹೇಳಿದೆ. ಕಳವು ಅನ್ನುವ ಶಬ್ದ ಬಂದಾಗ ಮೆಲ್ಲಗೆ ಓದಿದೆ, ಆದರೂ ಅವಳಿಗೆ ಕೇಳಿಸಿತು. ಸುತ್ತ ನಿಂತವರಿಗೂ ಕೇಳಿಸಿತು. "ಅಣ್ಣಾ, ನಮ್ಮ ಮೀಟರ್ ಬರಕೊಂಡು ಹೋಗ್ತಿದ್ದವ್ರು ದಾದೇಸಾಬಣ್ಣ. ಅವರನ್ನ ಒಂದ್ ಮಾತು ಕೇಳಿದ್ರ ಗೊತ್ತಾಗ್ತಿತ್ತಲ್ಲ. ಎಲ್ಲಿ ಅದಾರ ಅವ್ರು?" ಅಂದಳು. ನನಗೆ ಗೊತ್ತಿಲ್ಲ ಅಂದೆ. ನಿನ್ನ ಕಾಗದ ಬಂದು ತಿಂಗಳಾಗಿತ್ತು, ನಾನು ಗೊತ್ತಿಲ್ಲ ಅಂದೆ.

ಎರಡು ಸಲ ಗಡುವು ಮುಂದೆ ಹಾಕಿಸಿದ್ದೇನೆ. ಹಳೇ ಮುಖ ಎಂದು ಸಾಹೇಬರು ಒಪ್ಪಿದರು. ಮೂರನೇ ಸಲ ಕೇಳಿದರೆ ನನಗೂ ಇದರಲ್ಲಿ ಪಾಲಿದೆ ಅಂದುಕೊಳ್ಳುತ್ತಾರೆ.

ಗೌಸಿಯಾಳ ಚಿಂತೆ ನನಗೆ ಅರ್ಥವಾಗುತ್ತದೆ. ನನ್ನ ಮಡಿಲಲ್ಲೂ ಆಡಿದ ಹುಡುಗಿ ಅದು. ಆದರೆ ಅವಳಿಗೆ ಹೇಳಿ ನೋಡು. ಅವಳು ಏನಂತಾಳೋ ನಿನಗೆ ಹೇಗೆ ಗೊತ್ತು? ಎಲ್ಲರ ಪರವಾಗಿ ನೀನೇ ಲೆಕ್ಕ ಹಾಕಿಕೊಂಡು ಕೂರುವ ಚಾಳಿ ಬಿಡು.

ಅರ್ಧ ಹಾಳೆ, ದಾದೇಸಾಬ.

ಗದ್ದೆಪ್ಪ


ಲಿಂಗಸುಗೂರು
10 ಫೆಬ್ರವರಿ 2024

ಗದ್ದೆಪ್ಪ,

ಇದರ ಜೊತೆಗೇ ಐದು ಸಾವಿರ ಮನಿಯಾರ್ಡರ್ ಮಾಡಿದ್ದೇನೆ. ನನ್ನ ಹೆಸರು ಹೇಳದೆ ಅವರ ಬಾಕಿಗೆ ತುಂಬು. ಮುಂದಿನ ತಿಂಗಳು ಇನ್ನಷ್ಟು ಕಳಿಸುತ್ತೇನೆ.

ಮಾರ್ಚ್ ದೂರವಿಲ್ಲ. ನಿನ್ನೆ ಹಾಳೆ ತೆಗೆದು ಬರೆಯಲು ಕೂತಿದ್ದೆ. ಗೌಸಿಯಾ ಕೆಲಸದಿಂದ ಬಂದಳು, ಏನು ಬರೆಯುತ್ತೀರಿ ಅಬ್ಬಾ ಎಂದು ಕೇಳಿದಳು. ದವಾಖಾನೆಯ ಪಟ್ಟಿ ಅಂದೆ.

ದಾದೇಸಾಬ


ಮಸ್ಕಿ
19 ಮಾರ್ಚ್ 2024

ದಾದೇಸಾಬ,

ನಿನ್ನ ಮನಿಯಾರ್ಡರ್ ವಾಪಸ್ಸು ಕಳಿಸಿದ್ದೇನೆ. ಆದಮ್ಮನಿಗೆ ಕೇಳಿದೆ, ಯಾರೋ ಒಬ್ಬರು ಸಹಾಯ ಮಾಡುತ್ತಾರಂತೆ, ತಗೋತೀಯಾ ಎಂದು. "ಯಾರು ಅಂತ ಗೊತ್ತಿಲ್ಲದೆ ಹ್ಯಾಂಗ ತಗೊಳ್ಳಲಿ? ನಾಳೆ ಅವರ ಮುಂದ ಕಣ್ಣೆತ್ತಿ ನಡೀಬೇಕಲ್ಲ" ಅಂದಳು. ಹೆಸರು ಹೇಳಲು ನೀನು ಬಿಡಲಿಲ್ಲ.

ಶುಕ್ರವಾರ ಲೈನು ಕತ್ತರಿಸಿದರು. ನಾನು ಅಲ್ಲೇ ಇದ್ದೆ. ಕಂಬ ಹತ್ತಿದವನು ನನ್ನ ಕೈಯಲ್ಲೇ ಕೆಲಸ ಕಲಿತ ಹುಡುಗ. ಕೆಳಗಿಳಿದು ನನ್ನ ಮುಖ ನೋಡಲಿಲ್ಲ. ಅವನಿಗೆ ಏನಾದರೂ ಅನ್ನಲು ನನಗೆ ಯಾವ ಮುಖ ಇದೆ?

ಈಗಲೇ ನಲವತ್ತರ ಬಿಸಿಲು. ಆದಮ್ಮ ಕೂಲಿ ಬಿಟ್ಟಿದ್ದಾಳೆ. ಹಳೆಯ ಸೀರೆ ತೊಯಿಸಿ ಬಾಗಿಲಿಗೆ ಕಟ್ಟುತ್ತಾಳೆ, ಒಣಗಿದರೆ ಮತ್ತೆ ತೊಯಿಸುತ್ತಾಳೆ. ರಟ್ಟು ಹಿಡಿದು ಗಾಳಿ ಹಾಕುತ್ತಾಳೆ. ಭೀಮೇಶನ ಬೆನ್ನಿಗೆ ಹುಣ್ಣಾಗಿದೆ. ನಾನು ಹೋದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಓಣಿಯವರು ತಂತಿ ಎಳೆದು ಕೊಡುತ್ತೇವೆ ಅಂದರಂತೆ. ಕಳವಿನ ಕೇಸು ಇರುವಾಗ ಬ್ಯಾಡ ಎಂದು ಆದಮ್ಮನೇ ಬಿಡಿಸಿದಳಂತೆ.

ಇನ್ನು ನಾನು ಕೇಳುವುದಿಲ್ಲ.

ಗದ್ದೆಪ್ಪ


ಲಿಂಗಸುಗೂರು
8 ಏಪ್ರಿಲ್ 2024

ಗದ್ದೆಪ್ಪ,

ಸಾಹೇಬರ ಹೆಸರಿಗೆ ಬರೆದ ಹಾಳೆ ಇದರೊಳಗಿದೆ. ಅರ್ಧ ಅಲ್ಲ, ಎರಡು ಹಾಳೆಯಾಯಿತು. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ಯೂನಿಟ್ಟು, ಎಲ್ಲ ಬರೆದಿದ್ದೇನೆ. ಮನೆಯವರಿಗೆ ಏನೂ ಗೊತ್ತಿರಲಿಲ್ಲ ಎಂದು ಎರಡು ಸಲ ಬರೆದಿದ್ದೇನೆ. ದಸ್ಕತ್ತು ನೋಡಿ ಬೇರೆಯವರ ಸಹಿ ಅಂದಾರು. ಆಧಾರಿನ ಪ್ರತಿಯನ್ನೂ ಇಟ್ಟಿದ್ದೇನೆ.

ನಿನಗೆ ಮುಚ್ಚಿಟ್ಟು ಏನು ಪ್ರಯೋಜನ. ಗೌಸಿಯಾಳ ಗುತ್ತಿಗೆ ಹೋದ ವಾರ ಮುಂದುವರಿಯಿತು. ಆ ಮೇಲೆಯೇ ನಾನು ಪೆನ್ನು ಹಿಡಿದದ್ದು. ನೀನು ಹಾಗೆ ಅಂದುಕೊಳ್ಳುವ ಮೊದಲು ನಾನೇ ಬರೆದುಬಿಡುತ್ತೇನೆ.

ಬರೆದು ಮುಗಿಸಿದ ಮೇಲೆ ಅವಳಿಗೆ ಓದಲು ಕೊಟ್ಟೆ. ರೋಜಾ ಬಿಡುವ ಹೊತ್ತಾಗಿತ್ತು, ಖರ್ಜೂರ ಕೈಯಲ್ಲೇ ಹಿಡಿದುಕೊಂಡು ಓದಿದಳು. "ನೋಟಿಸ್ ಬಂದದ್ದು ಯಾವಾಗ?" ಅಂದಳು. ಜನವರಿ ಅಂದೆ. "ನೀವು ನನ್ನ ಸಲುವಾಗಿ ಕಾದ್ರಿ?" ಹೌದಂದೆ. ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, "ಒಂದು ಮಾತು ಕೇಳಬೇಕಿತ್ತು ಅಬ್ಬಾ. ಇದು ನನ್ನ ತಲೀ ಮ್ಯಾಲೆ ಯಾಕ ಹಾಕಿದ್ರಿ?" ಅಂದಳು. ಸಿಟ್ಟಿನಿಂದಲ್ಲ. ಆಮೇಲೆ ನೀರು ಕುಡಿದು ನಮಾಜಿಗೆ ಎದ್ದಳು. ಅಂದಿನಿಂದ ಊಟಕ್ಕೆ ಕರೆಯುತ್ತಾಳೆ, ಗುಳಿಗೆ ಎಣಿಸಿ ಕೊಡುತ್ತಾಳೆ, ಮಾತು ಕಡಿಮೆ.

ಈದ್ ಹಬ್ಬದೊಳಗೆ ಆ ಮನೆಗೆ ಲೈಟು ಬರಲಿ. ಆದಮ್ಮನಿಗೆ ನನ್ನ ಹೆಸರು ಹೇಳು. ಎಲ್ಲ ಹೇಳು.

ದಾದೇಸಾಬ


ಮಸ್ಕಿ
20 ಏಪ್ರಿಲ್ 2024

ದಾದೇಸಾಬ,

ನಿನ್ನ ಲಕೋಟೆ ಹನ್ನೆರಡನೇ ತಾರೀಖಿಗೆ ಬಂತು. ಅದೇ ದಿನ ಸಾಹೇಬರ ಬಳಿ ಒಯ್ದೆ. ಅವರು ಎರಡು ಸಲ ಓದಿದರು. ಆಮೇಲೆ ಫೈಲು ತರಿಸಿ ನನ್ನ ಕಡೆ ತಿರುಗಿಸಿದರು.

ಮಾರ್ಚ್ ಇಪ್ಪತ್ತೇಳಕ್ಕೆ ಆದಮ್ಮ ಹೆಬ್ಬೆಟ್ಟು ಒತ್ತಿದ್ದಾಳೆ. ಮೀಟರಿಗೆ ನಾನೇ ಕೈ ಹಾಕಿದ್ದು, ತಪ್ಪಾಯಿತು, ದಂಡ ಕಟ್ಟುತ್ತೇನೆ ಎಂದು ಬರೆಸಿದ್ದಾಳೆ. ಸಿಂಧನೂರಿನ ಒಬ್ಬ ಸಾಹುಕಾರರ ಗದ್ದೆಗೆ ಎರಡು ಹಂಗಾಮಿನ ಕೂಲಿ ಮುಂಗಡ ತಂದು ಕಟ್ಟಿದ್ದಾಳೆ. ಬಾಕಿಯೂ ದಂಡವೂ ಸೇರಿ. ಅಂದು ಸಂಜೆಯೇ ಲೈಟು ಕೊಟ್ಟಿದ್ದಾರೆ. ನನಗೆ ಹೇಳದೆ ಮಾಡಿದಳು. ಹೇಳಿದ್ದರೆ ಇನ್ನೂ ಸ್ವಲ್ಪ ತಡಿ ಅನ್ನುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

ಸಾಹೇಬರು ನಿನ್ನ ಹಾಳೆಯನ್ನು ಫೈಲಿಗೆ ಸೇರಿಸಿದ್ದಾರೆ. ಅವಳು ತಾನಾಗಿ ಬಂದು, ಅಂದು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟರೆ ಮೇಲಕ್ಕೆ ಬರೆಯಬಹುದಂತೆ. ಆಗಬಹುದು, ಆಗದೆಯೂ ಇರಬಹುದು ಅಂದರು. ಇಲ್ಲವಾದರೆ ಕಾಗದದ ಮೇಲೆ ಅವಳು ಕದ್ದವಳೇ.

ನಿನ್ನೆ ವಳಕಮದಿನ್ನಿಗೆ ಹೋಗಿ ನಿನ್ನ ಹಾಳೆಯ ನಕಲನ್ನು ಓದಿ ಹೇಳಿದೆ. ನನಗೆ ಡಿಸೆಂಬರಿನಿಂದಲೇ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ. ಚಹಾ ಮಾಡಿದ್ದಳು. ಕುಡಿಯಿರಿ ಅನ್ನಲಿಲ್ಲ, ನಾನೂ ಕುಡಿಯಲಿಲ್ಲ. ನಿನ್ನ ವಿಳಾಸ ಕೇಳಿದಳು, ಕೊಟ್ಟು ಬಂದೆ.

ಗದ್ದೆಪ್ಪ


ವಳಕಮದಿನ್ನಿ
6 ಮೇ 2024

ದಾದೇಸಾಬಣ್ಣಗ ಆದಮ್ಮ ಬರಸೋದು.

ಬರೆಯಾಕ ನಮ್ಮ ಓಣಿ ದೀಪಾ ಕುಂತಾಳ. ಪಿಯುಸಿ ಓದ್ಯಾಳ. ನಾ ಹೇಳಿದಂಗ ಬರಿ, ಚಂದ ಮಾಡಬ್ಯಾಡ ಅಂದೀನಿ.

ನಿಮ್ಮ ಎದಿ ಕೊಯ್ದಾರಂತ ಗದ್ದೆಪ್ಪಣ್ಣ ಹೇಳಿದ. ಮೈ ಹುಷಾರ್ ಇಟಗೋರಿ. ನೀವು ಬರೋದು ಬಿಟ್ಟಾಗ ನಾವಿಬ್ಬರೂ ನೆನಸಿದ್ವಿ, ಯಾಕ ಬರಲಿಲ್ಲಂತ.

ಹೆಬ್ಬೆಟ್ಟು ಯಾಕ ಒತ್ತಿದೆ ಅಂತ ನೀವು ಕೇಳಬಹುದು. ಗದ್ದೆಪ್ಪಣ್ಣನೂ ಕೇಳಿದ. ಲೈನ್ ಕೊಯ್ದು ಹನ್ನೆರಡು ದಿನ ಆಗಿತ್ತು. ಇವನ ಬೆನ್ನಿನ ಹುಣ್ಣು ವಾಸನಿ ಬರಾಕತ್ತಿತ್ತು. ಆಫೀಸಿಗೆ ಹೋಗಿ, ನಾವು ಕದ್ದಿಲ್ರೀ ಅಂದೆ. ಹಂಗಾದ್ರ ಬರದವ್ರು ಬರಬೇಕು ಅಂದ್ರು. ಬರದವ್ರು ಬರಲಿಲ್ಲ. ಕದ್ದೀನಂದ್ರ ಇವತ್ತೇ ಲೈಟ್ ಕೊಡ್ತೀರೇನಂತ ಕೇಳಿದೆ. ದಂಡ ಕಟ್ಟಿದ್ರ ಕೊಡ್ತೀವಿ ಅಂದ್ರು. ಕದ್ದೀನಿ ಅಂದೆ.

ಈಗ ಮತ್ತ ಬಂದು ಅದು ಸುಳ್ಳಂತ ಹೇಳಂದ್ರ ನಾ ಬರಾಂಗಿಲ್ಲ. ಸಾಹುಕಾರ್ರ ಗದ್ದಿಗೆ ದಿನಾ ಹೋಗಬೇಕು, ಎರಡು ಹಂಗಾಮು ಅಲ್ಲೇ ದುಡೀಬೇಕು. ಓಣಿಯಾಗ ನಾಕ ಮಂದಿ ಕಳ್ಳಿ ಅಂತಾರ. ಅಂದೋರಿಗೆ ನಿಮ್ಮ ಕಾಗದ ತೋರಸ್ಲಿ? ಅವರಿಗೂ ಓದಾಕ ಬರಾಂಗಿಲ್ಲ.

ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತದ. ಸಿಟ್ಟು ಐತಿ. ಆದ್ರ ನೀವು ತಡಾ ಮಾಡಿದ್ರಿ ಅಂತಲ್ಲ. ನಿಮಗೂ ಮಗಳದಾಳ, ನನಗ ತಿಳೀತದ.

ತಿಂಗಳಾ ನೀವು ಚೀಟಿ ಹರದು ಕೊಡೋವಾಗ ಏನಂತಿದ್ರಿ? "ಆದಮ್ಮ, ಇಡೀ ಊರಾಗ ನಿನ್ನಂಗ ಹಿಡದು ಖರ್ಚ ಮಾಡೋರು ಯಾರೂ ಇಲ್ಲ, ನೋಡು ಇಪ್ಪತ್ತೇಳ ಯೂನಿಟ್ಟು" ಅಂತಿದ್ರಿ. ನಾ ಅದನ್ನ ಖರೇ ಅಂತ ನಂಬಿದ್ದೆ. ನನ್ನ ಬಾಳೇದಾಗ ಒಬ್ಬರು ಶ್ಯಾಣ್ಯಾಕಿ ಅಂದದ್ದು ಅದೊಂದೇ. ಆ ಇಪ್ಪತ್ತೇಳು ಏರಬಾರದು ಅಂತ ಹಟ ಹಿಡದಿದ್ದೆ. ಮಧ್ಯಾಹ್ನ ಕೂಲಿಯಿಂದ ಉಣ್ಣಾಕ ಬಂದಾಗ ಫ್ಯಾನ್ ಆರಿಸಿ ಹೋಗ್ತಿದ್ದೆ. ಇವ "ಇರಲಿ ಬಿಡು ಆದಿ, ಮೈ ಉರೀತದ" ಅಂದ್ರ, ನಾ ಬೈತಿದ್ದೆ. ಬಿಲ್ ಸಣ್ಣದು ಬರಾಕತ್ತೈತಿ ಅಂದ್ರ ಸುಮ್ಮನ ಬರ್ತದೇನು, ಸ್ವಲ್ಪ ತಡಕೋ ಅಂತಿದ್ದೆ. ಹೊತ್ತು ಮುಣಗೋತನ ಆರಿಸೇ ಇರ್ತಿತ್ತು. ಏಳು ವರ್ಷ ಅಣ್ಣಾ.

ನೀವು ಒಂದ್ ಮಾತು ಹೇಳಿದ್ರ, ಇದು ನಾ ಕಡಿಮಿ ಬರದದ್ದು ತಾಯಿ, ನಿನ್ನ ಫ್ಯಾನ್ ನೀ ಹಾಕು ಅಂದಿದ್ರ, ಬ್ಯಾಡ, ಖರೇ ಬರೀರಿ, ಇನ್ನೊಂದು ಮನೀ ಮುಸುರಿ ತಿಕ್ಕಿ ಕಟ್ತೀನಿ ಅಂತಿದ್ದೆ. ಇಲ್ಲ ಅಂದ್ರ ಕಾಲ ಹಿಡದು ತಗೋತಿದ್ದೆ. ಎರಡ್ರಾಗ ಯಾವುದು ಮಾಡ್ತಿದ್ದೆನೋ ಗೊತ್ತಿಲ್ಲ. ಆದ್ರ ಇವನಿಗೆ ಗಾಳಿ ಬರ್ತಿತ್ತು.

ಈಗ ನಾ ಆರಸಂಗಿಲ್ಲ. ಮಧ್ಯಾಹ್ನ ಉಣ್ಣಾಕ ಬಂದಾಗ ತಿರುಗ್ತಿರ್ತದ. ಇವನೇ ಆರಿಸು ಅಂತಾನ. ಬಿಲ್ಲಿನ ಫಿಕರ್ ಮಾಡಬ್ಯಾಡ ಅಂದ್ರೂ ಕೇಳಾಂಗಿಲ್ಲ. ಆ ಹೊತ್ತಿಗೆ ಗಾಳಿ ಇಲ್ಲದೇ ರೂಢಿ ಆಗ್ಯಾದ, ಸಪ್ಪಳಕ್ಕ ನಿದ್ದಿ ಹತ್ತಂಗಿಲ್ಲ ಅಂತಾನ.

ವಳಕಮದಿನ್ನಿ ಆದಮ್ಮ
(ಹೆಬ್ಬೆಟ್ಟಿನ ಗುರುತು)